ಒಂಬತ್ತನೇ ರೋಗಿಯ ತಿದ್ದುಪಡಿ

ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷರೂ ಈ ಸಭೆಯ ಯಜಮಾನರೂ ಆದ ಅಬ್ದುಲ್ ಮಜೀದ್ ಅವರೇ, ಇಂದಿನ ಸನ್ಮಾನಕ್ಕೆ ಪಾತ್ರಳಾದ, ಕ್ಷಮಿಸಿ, ಪಾತ್ರರಾದ ದಂತವೈದ್ಯೆ ಡಾಕ್ಟರ್ ಶಮ್ನಾ ಅವರೇ, ಅವರ ತಂದೆ ಅಬ್ದುಲ್ ವಹಾಬರೇ, ತಾಯಿ ಜುಲೈಕಾ ಅವರೇ, ಅವರ ಪಕ್ಕದಲ್ಲಿ ಕುಳಿತು, ನಾನು ಏನು ಹೇಳಿಬಿಡುತ್ತೇನೋ ಎಂದು ಸೆರಗು ತಿರುಚುತ್ತಿರುವ ನನ್ನ ಧರ್ಮಪತ್ನಿ ನೀಲಾವತಿಯವರೇ, ಪುಂಜಾಲಕಟ್ಟೆಯ ಸಮಸ್ತ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಈ ಶಾಲೆಯಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದ ಶೇಖರ ಮಾಷ್ಟ್ರು ಐದು ನಿಮಿಷದಲ್ಲಿ ಮಾತು ಮುಗಿಸಿದ ಉದಾಹರಣೆ ಉಂಟೇ? ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ದವಡೆಯ ಆಪರೇಷನ್ ಆಗಿ ನನ್ನ ಬಾಯಿ ಮುಚ್ಚಿದಾಗ ಊರಿನ ಕೆಲವರು ನೆಮ್ಮದಿಯ ಉಸಿರು ಬಿಟ್ಟರಂತೆ. ಅವರಿಗೆ ಇಂದು ನಿರಾಶೆಯಾಗಿದೆ. ಏನು ಮಾಡೋಣ, ಎಲುಬು ಬೆಳೆದುಬಿಟ್ಟಿದೆ!

ನನ್ನ ಕೆಳದವಡೆಯ ಎಲುಬಿನೊಳಗೆ ಒಂದು ನೀರುಗುಳ್ಳೆ ಬೆಳೆದಿತ್ತು. ಅದನ್ನು ತೆಗೆದರೆ ಅಲ್ಲಿ ಅಡಿಕೆಯಷ್ಟು ದೊಡ್ಡ ಪೊಳ್ಳು ಉಳಿಯುತ್ತದೆ, ದವಡೆ ಮುರಿದರೂ ಮುರಿಯಬಹುದು ಎಂದರು ಮಂಗಳೂರಿನ ದೊಡ್ಡ ಡಾಕ್ಟರು. ಮಾತೇ ಬಂಡವಾಳವಾದ ಮನುಷ್ಯನಿಗೆ ದವಡೆ ಮುರಿದರೆ ಉಳಿಯುವುದೇನು? ಅಂದು ನನ್ನ ಹೆಂಡತಿ ಧರ್ಮಸ್ಥಳದ ಸ್ವಾಮಿಗೆ ಹರಕೆ ಹೇಳಿಕೊಂಡಳು. ದವಡೆ ಗುಣವಾಗುವವರೆಗೆ ಇವರು ಮೀನು ಮುಟ್ಟುವುದಿಲ್ಲ ಎಂದು. ಗಮನಿಸಿ ಸಭಿಕರೇ, ಹರಕೆ ಅವಳದ್ದು, ಬಿಡಬೇಕಾದ ಮೀನು ನನ್ನದು.

ಆ ಡಾಕ್ಟರರ ದಂತವೈದ್ಯ ಕಾಲೇಜಿನಲ್ಲಿಯೇ ನನ್ನ ಹಳೆಯ ಶಿಷ್ಯೆ, ನಮ್ಮ ಶಮ್ನಾ, ಎಂಡಿಎಸ್ ಓದುತ್ತಿದ್ದಳು. ಅಂಥ ಪೊಳ್ಳಿನಲ್ಲಿ ಕೈಟೋಸಾನ್ ಎಂಬ ವಸ್ತುವಿನ ಸ್ಪಂಜನ್ನು ಇಟ್ಟು ಎಲುಬು ಬೆಳೆಸುವುದು ಅವಳ ಸಂಶೋಧನೆ. ಹನ್ನೆರಡು ರೋಗಿಗಳು ಬೇಕಾಗಿದ್ದರು, ನಾನು ಒಂಬತ್ತನೆಯವನು. ನನ್ನನ್ನು ಎದುರು ಕೂರಿಸಿಕೊಂಡು ಒಂದು ಗಂಟೆ ವಿವರಿಸಿದಳು.

"ಸರ್, ಇದು ಎಟ್ಟಿಯ ಚಿಪ್ಪಿನಿಂದ ಮಾಡುವುದು. ಫ್ಯಾಕ್ಟರಿಯವರು ಬಿಸಾಡುವ ಚಿಪ್ಪು ಉಂಟಲ್ಲ, ಅದನ್ನೇ ಶುದ್ಧ ಮಾಡಿ ತೆಗೀತಾರೆ. ಟೆರೇಸು ಹಾಕುವಾಗ ಅಡಿಗೆ ಹಲಗೆಯ ಸೆಂಟ್ರಿಂಗ್ ಕೊಡ್ತಾರಲ್ಲ, ಹಾಗೆ. ಅದನ್ನು ಹಿಡ್ಕೊಂಡು ನಿಮ್ಮ ಎಲುಬು ಬೆಳೀತದೆ. ಆದರೆ ಇದನ್ನು ಬಿಚ್ಚಲಿಕ್ಕೆ ಇಲ್ಲ, ತನ್ನಷ್ಟಕ್ಕೇ ಕರಗ್ತದೆ. ಎಟ್ಟಿ ತಿಂದ್ರೆ ನಿಮಗೆ ತುರಿಕೆ ಏನಾದ್ರೂ ಆಗ್ತದಾ? ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಉಂಟಾ?"

ಎಟ್ಟಿ ಎಂದರೆ ಸಿಗಡಿ ಎಂದು ಈ ಸಭೆಗೆ ನಾನು ಹೇಳಬೇಕೇ? ತುರಿಕೆ ಇಲ್ಲ ಎಂದೆ, ಅದು ನಿಜ. ಒಪ್ಪಿಗೆ ಉಂಟು ಎಂದೆ, ಅದು ಸುಳ್ಳು. ಹರಕೆ ಹೇಳಿಕೊಂಡ ಹೆಂಡತಿಗೆ, ಸಿಗಡಿಯನ್ನು ಎಲುಬಿನೊಳಗೇ ಇಡಿಸಿಕೊಳ್ಳುತ್ತೇನೆ ಎಂದು ಯಾವ ಬಾಯಲ್ಲಿ ಹೇಳುವುದು?

ಆಪರೇಷನ್ ಆಯಿತು. ನೋವು, ಬಾವು, ಜ್ವರ ಉಂಟೋ ಇಲ್ಲವೋ ದಿನವೂ ಬರೆಯಿರಿ ಎಂದು ಶಮ್ನಾ ಒಂದು ಕಾರ್ಡು ಕೊಟ್ಟಳು. ನಾಲ್ಕನೇ ದಿನ ಕೆನ್ನೆ ಬಾತಿತು. ಬೇರೆಯವರಾದರೆ ಡಾಕ್ಟರಿಗೆ ಫೋನು ಮಾಡುತ್ತಿದ್ದರು. ನನಗೆ ನೆನಪಾದದ್ದು 'ಮಾತು ಬಿಡ ಮಂಜುನಾಥ' ಎಂಬ ನುಡಿ. ಹರಕೆ ತಪ್ಪಿದೆ, ಶಿಕ್ಷೆ ಬಂದಿದೆ ಎಂದು ನಡುಗಿದೆ. ಡಾಕ್ಟರಿಗೆ ಹೇಳಿದರೆ ಸಿಗಡಿಯ ವಿಷಯ ಹೆಂಡತಿಗೆ ಗೊತ್ತಾಗುತ್ತದೆ. ಆದ್ದರಿಂದ ಆರು ದಿನ 'ಬಾವು ಇಲ್ಲ' ಎಂದು ದುಂಡಗೆ ಬರೆದೆ. ಆಪರೇಷನ್ ಆದ ಮೇಲೆ ಹಾಗೆಯೇ ಇರುತ್ತದೆ ಎಂದು ಹೆಂಡತಿಗೆ ಹೇಳಿದೆ. ತಪಾಸಣೆಗೂ ಹೋಗಲಿಲ್ಲ.

ಹತ್ತನೇ ದಿನ ಶಮ್ನಾ ಬಸ್ಸು ಹಿಡಿದು ಮನೆಗೇ ಬಂದಳು. ನಾನು ಮಫ್ಲರು ಸುತ್ತಿ ಕುಳಿತಿದ್ದೆ.

"ಏನು ಸರ್ ಇದು?"

"ಸ್ವಲ್ಪ ಚಳಿ."

ಏಪ್ರಿಲ್ ತಿಂಗಳು, ಸಭಿಕರೇ!

ಮಫ್ಲರು ಬಿಚ್ಚಿದವಳ ಮುಖ ಬಿಳಿಚಿಕೊಂಡಿತು. ಬಾಯಿ ತೆರೆಸಿ ನೋಡಿದರೆ, ಹೊಲಿಗೆಯ ಸಂದಿಯಲ್ಲಿ ಅನ್ನದ ಅಗುಳು ಸಿಕ್ಕಿ ಕೀವಾಗಿತ್ತು. ಅಷ್ಟೇ. ದೇವರ ಕೋಪವೂ ಅಲ್ಲ, ಸಿಗಡಿಯ ದೋಷವೂ ಅಲ್ಲ. "ಇನ್ನೆರಡು ದಿನ ಹೋಗಿದ್ರೆ ಇಟ್ಟದ್ದನ್ನೆಲ್ಲ ತೆಗೀಬೇಕಿತ್ತು ಸರ್. ಒಂದು ಫೋನು ಮಾಡ್ಲಿಕ್ಕೆ ಏನಾಗಿತ್ತು?" ಎಂದು ಕೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಅಲ್ಲಿಯೇ, ಹೆಂಡತಿಯ ಎದುರೇ, ಎಲ್ಲವನ್ನೂ ಒಪ್ಪಿಕೊಂಡೆ.

ನೀಲಾವತಿ ಬಿಚ್ಚಿ ಹಾಕಿದ್ದ ಮಫ್ಲರನ್ನು ಎತ್ತಿ ಮಡಚಿಟ್ಟಳು. ಆಮೇಲೆ ಹೇಳಿದಳು: "ನಾನು ಹರಕೆ ಹೇಳಿದ್ದು ನಿಮ್ಮ ನಾಲಗೆಯ ಚಪಲಕ್ಕೆ. ಮದ್ದಿಗೆ ಯಾರು ಬೇಡ ಹೇಳ್ತಾರೆ ಮಾರಾಯ್ರೇ? ನನ್ನತ್ರ ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ಆಗುತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿಯೂ ಅದು ನನಗೆ ಹೊಳೆಯಲಿಲ್ಲ ನೋಡಿ. ಊರಿಗೆಲ್ಲ ಭಾಷಣ ಮಾಡುವವನು ಮನೆಯಲ್ಲಿ ಆಡಬೇಕಾದ ಒಂದು ಮಾತನ್ನು ಆಡಲಿಲ್ಲ.

ಒಂಬತ್ತು ತಿಂಗಳ ಬಳಿಕ ಎಕ್ಸ್‌ರೇ ತೆಗೆದರು. ಪೊಳ್ಳಿದ್ದ ಜಾಗ ತುಂಬಿತ್ತು. ಸ್ಪಂಜು ಕರಗಿ ಹೋಗಿ, ಅಲ್ಲಿ ನನ್ನದೇ ಎಲುಬು ಬೆಳೆದಿತ್ತು. ನಾನು ಡಾಕ್ಟರರ ಕೋಣೆಯಲ್ಲಿಯೇ ಅತ್ತುಬಿಟ್ಟೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಹಾರ ಹಾಕಿ ಕುಳಿತುಬಿಡುತ್ತಿದ್ದೆ. ಆದರೆ ಕಳೆದ ವಾರ, ಭಾಷಣಕ್ಕೆ ತಯಾರಿ ಎಂದು, ಶಮ್ನಾಳ ಪ್ರಬಂಧದ ಒಂದು ಪ್ರತಿ ತರಿಸಿಕೊಂಡೆ. ಇಂಗ್ಲಿಷಿನದು, ನಿಘಂಟು ಬದಿಗಿಟ್ಟುಕೊಂಡು ಓದಿದೆ. ನನ್ನ ಬಾವು, ತಪ್ಪಿದ ತಪಾಸಣೆ, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಬರೆದಿದ್ದಾಳೆ. ನನ್ನನ್ನು ಬಿಟ್ಟು ಹನ್ನೊಂದು ಜನರ ಫಲಿತಾಂಶ ಕೊಟ್ಟಿದ್ದರೆ ಅವಳಿಗೆ ಸುಲಭವಿತ್ತು, ಬಿಡಲಿಲ್ಲ. ಆದರೆ ಕೆಳಗೆ ಒಂದು ಸಾಲು ಉಂಟು: ಒಂಬತ್ತನೇ ರೋಗಿಗೆ ಸರಿಯಾಗಿ ತಿಳಿಸಿ ಹೇಳದೆ ಇದ್ದದ್ದು ಸಂಶೋಧಕಿಯ ಲೋಪ. ಪರೀಕ್ಷಕರು ಇದೇ ಸಾಲನ್ನು ಹಿಡಿದು ಅವಳನ್ನು ಬೈದರಂತೆ. ಇವಳು ತಲೆ ತಗ್ಗಿಸಿ ನಿಂತಳಂತೆ.

ಯಾಕೆ? ಮಾಷ್ಟ್ರು ಸುಳ್ಳು ಹೇಳಿದರು ಎಂದು ಬರೆಯಲು ಅವಳ ಕೈ ಬರಲಿಲ್ಲ.

ಎಷ್ಟು ಮಕ್ಕಳ ಕಾಪಿ ಪುಸ್ತಕ ತಿದ್ದಿದ್ದೇನೆ ಎಂದು ನನಗೇ ಗೊತ್ತಿಲ್ಲ. ಶಮ್ನಾಳದ್ದೂ ತಿದ್ದಿದ್ದೇನೆ. ಇವತ್ತು ಕೊನೆಯದಾಗಿ ಒಮ್ಮೆ ತಿದ್ದಿ ತಂದಿದ್ದೇನೆ, ಇಗೋ. ಆ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ಬರೆದದ್ದನ್ನು ಓದುತ್ತೇನೆ: "ಸಂಶೋಧಕಿ ಎಲ್ಲವನ್ನೂ ತಿಳಿಸಿದ್ದಾರೆ. ರೋಗಿ ಸುಳ್ಳು ಹೇಳಿದ್ದಾನೆ." ಕೆಳಗೆ ನನ್ನ ರುಜು ಉಂಟು. ಸಾಕ್ಷಿಯಾಗಿ ನೀಲಾವತಿಯ ರುಜುವೂ ಉಂಟು; ಈ ಸಲ ಅವಳನ್ನು ಕೇಳಿಯೇ ಮಾಡಿದ್ದೇನೆ. ಇದನ್ನು ನಿನ್ನ ಕಾಲೇಜಿಗೆ ಕೊಡು ಮಗಳೇ. ಅಳಬೇಡ, ಫೋಟೋ ತೆಗೆಯುತ್ತಿದ್ದಾರೆ.

ಅಬ್ಬ, ಮನಸ್ಸು ಹಗುರವಾಯಿತು! ಐದು ನಿಮಿಷವನ್ನು ಇಷ್ಟು ಉದ್ದ ಎಳೆಯಲು ಬಿಟ್ಟ ಅಧ್ಯಕ್ಷರಿಗೂ, ಏಳದೆ ಕುಳಿತ ನಿಮಗೂ ಕೃತಜ್ಞತೆ ಹೇಳಿ, ನನ್ನ ಶಿಷ್ಯೆಗೆ, ಅಲ್ಲ, ನನ್ನ ಡಾಕ್ಟರಿಗೆ ಮೊದಲು ಕೈಮುಗಿದು, ಆಮೇಲೆ ನಿಮ್ಮೆಲ್ಲರಿಗೂ ಮುಗಿಯುತ್ತೇನೆ. ನಮಸ್ಕಾರ.