ಒಂದೇ ಕೈಯ ನಮಸ್ಕಾರ

ಸಭೆಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯಿನಿಯವರೇ, ಇವತ್ತು ನಿವೃತ್ತರಾಗುತ್ತಿರುವ ನಮ್ಮ ಆಟದ ಮೇಷ್ಟ್ರೇ, ಶಿಕ್ಷಕ ಬಂಧುಗಳೇ, ಹೆತ್ತವರೇ, ಮಕ್ಕಳೇ, ಮತ್ತು ಬಾಗಿಲಲ್ಲೇ ಜೋತುಬಿದ್ದಿರುವ ಸಭಿಕರೇ, ದಯವಿಟ್ಟು ಒಳಗೆ ಬನ್ನಿ, ಮುಂದೆ ಜಾಗ ಖಾಲಿ ಇದೆ. ನಗಬೇಡಿ. ಅರ್ಧ ಆಯಸ್ಸು ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕಳೆದವಳಿಗೆ ನಾಲ್ಕು ಜನ ಬಾಗಿಲಲ್ಲಿ ನಿಂತರೆ ಮಾತು ಮುಂದಕ್ಕೆ ಹೋಗುವುದಿಲ್ಲ. ಈ ಮೈಕು ಕೈಕೊಟ್ಟರೂ ಚಿಂತೆಯಿಲ್ಲ, ನನ್ನ ದನಿ ಹಿಂದಿನ ಸೀಟಿನವರೆಗೂ ಮುಟ್ಟುತ್ತದೆ.

ಮೇಷ್ಟ್ರ ಬೀಳ್ಕೊಡುಗೆಗೆ ನನ್ನನ್ನು ಮಾತನಾಡಲು ಕರೆದದ್ದು ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗೊತ್ತಿರುವವರು ಈಗಾಗಲೇ ತಲೆ ತಗ್ಗಿಸಿದ್ದೀರಿ. ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಈ ಶಾಲೆಯ ಮಕ್ಕಳನ್ನು ರಜೆಯಲ್ಲಿ ಬೆಟ್ಟಕ್ಕೆ, ಕಾಡಿಗೆ, ನೀರಿಗೆ ಕರೆದುಕೊಂಡು ಹೋಗಿ ಬರುವ ಸಾಹಸ ಶಿಬಿರ ಉಂಟಲ್ಲ, ಅದರಿಂದ ಹಿಂತಿರುಗಿ ಬಾರದ ಒಂದೇ ಒಂದು ಮಗು ನನ್ನದು. ಹದಿನೈದು ವರ್ಷವಾಯಿತು. ಏಳನೇ ತರಗತಿಯಲ್ಲಿದ್ದಳು.

ಅವಳನ್ನು ಎಲ್ಲರೂ ಜೀರುಂಡೆ ಎಂದು ಕರೆಯುತ್ತಿದ್ದರು. ಬಾಯಿ ಮುಚ್ಚಿದ ಹೊತ್ತಿಲ್ಲ! ನಿದ್ದೆಯಲ್ಲೂ ಯಾರೊಂದಿಗೋ ಜಗಳ. ಅವರಪ್ಪ, "ಇದರ ಬಾಯಿಗೆ ನಿನ್ನ ಬಸ್ಸಿನ ಬ್ರೇಕಾದರೂ ಹಾಕ್ಸೇ" ಎನ್ನುತ್ತಿದ್ದರು. "ನಮ್ಮ ಬಸ್ಸಿಗೇ ಬ್ರೇಕ್ ಸರಿಯಿಲ್ಲ, ಇವಳಿಗೆಲ್ಲಿಂದ ತರಲಿ" ಎನ್ನುತ್ತಿದ್ದೆ ನಾನು. ಆಮೇಲೆ ಮನೆ ಎಷ್ಟು ಸುಮ್ಮನಾಯಿತು ಎಂದರೆ, ಅವರಪ್ಪ ಯಾರೂ ಕೇಳದಿದ್ದರೂ ರೇಡಿಯೋ ಹಚ್ಚಿಡುತ್ತಿದ್ದರು. ಈಗ ಅವರೂ ಇಲ್ಲ. ರೇಡಿಯೋ ಮಾತ್ರ ನಾನು ಹಚ್ಚುತ್ತೇನೆ. ಇರಲಿ, ಇದನ್ನೆಲ್ಲ ಹೇಳಬೇಕೆಂದು ಬಂದವಳಲ್ಲ.

ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ಅವರ ಶಿಬಿರದಲ್ಲಿ ಒಂದು ಪದ್ಧತಿ ಇದೆ, ಜೋಡಿ ಪದ್ಧತಿ. ಹೊರಡುವ ದಿನವೇ ಪ್ರತಿ ಮಗುವಿಗೂ ಒಂದು ಜೋಡಿ. ಊಟಕ್ಕೆ ಜೋಡಿ, ನೀರಿಗೆ ಜೋಡಿ, ಗುಡ್ಡ ಹತ್ತಲು ಜೋಡಿ. ಆಗೆಲ್ಲ ಮೇಷ್ಟ್ರು ವಿಷಲ್ ಊದಿದರೆ ಯಾವ ಮಗುವೂ "ನಾನಿದ್ದೇನೆ" ಎನ್ನುವಂತಿರಲಿಲ್ಲ. "ನನ್ನ ಜೋಡಿ ಇದ್ದಾಳೆ", "ನನ್ನ ಜೋಡಿ ಇದ್ದಾನೆ" ಎನ್ನಬೇಕಿತ್ತು. ಅಂದರೆ ತನ್ನ ಲೆಕ್ಕ ತಾನು ಕೊಡುವುದಲ್ಲ, ಇನ್ನೊಬ್ಬರ ಹೊಣೆ ಹೊರುವುದು. ಎಷ್ಟು ಚೆಂದದ ಪದ್ಧತಿ! ಮೊದಲ ಸಲ ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು.

ನನ್ನ ಜೀರುಂಡೆಗೆ ಜೋಡಿಯಾದವಳು ಅವಳ ಗೆಳತಿ, ನಮ್ಮ ಉದ್ದಜಡೆ. ಜಡೆ ಮೊಣಕಾಲು ಮುಟ್ಟುತ್ತಿತ್ತು, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ಬಾಯಿ ಬಿಟ್ಟರೆ ಮುತ್ತು ಉದುರುತ್ತದೋ ಎನ್ನುವಷ್ಟು ಮೌನ. ಇವಳದು ಬರೀ ಬಾಯಿ, ಅವಳದು ಬರೀ ಕಿವಿ. ಬೆಳಗಿನ ಮೊದಲ ಬಸ್ಸು ನನ್ನದು. ನಾನಿಲ್ಲದ ಮನೆಯಲ್ಲಿ ಜೀರುಂಡೆ ಎದ್ದು, ತಾನೇ ಜಡೆ ಹೆಣೆದುಕೊಂಡು, ಅದು ಸೊಟ್ಟಗಾಗಿ, ಬಿಚ್ಚಿ, ಮತ್ತೆ ಹೆಣೆದು, ಶಾಲೆಗೆ ತಡವಾಗುತ್ತಿತ್ತು. ಆಗ ಹಾಜರಿ ಕೂಗಿದರೆ, "ಬಂದಿದ್ದಾಳೆ ಮಿಸ್, ಕೈ ತೊಳೀತಿದ್ದಾಳೆ" ಎಂದು ಉದ್ದಜಡೆ ಹೇಳುತ್ತಿದ್ದಳು. ಆ ಮೌನಗೌರಿ ಇಡೀ ದಿನದಲ್ಲಿ ಆಡುತ್ತಿದ್ದದ್ದು ಅದೊಂದೇ ಸುಳ್ಳು. ಹೇಳಿದ ಮರುಕ್ಷಣ ಜೀರುಂಡೆ ಬಾಗಿಲಲ್ಲಿ ಹಾಜರ್. ಎಂದೂ ಮೋಸ ಮಾಡಲಿಲ್ಲ. ಆದ್ದರಿಂದ ಅದು ಸುಳ್ಳೆಂದು ಉದ್ದಜಡೆಗೆ ಅನ್ನಿಸಲೇ ಇಲ್ಲ.

ಶಿಬಿರದ ಆ ಸಂಜೆ ತೆಪ್ಪಗಳು ದಡ ಸೇರಿದ್ದವು. ಮಕ್ಕಳು ತೇಲುವ ಜಾಕೆಟ್ ಬಿಚ್ಚಿ ರಾಶಿ ಹಾಕಿದ್ದರು. ಅಷ್ಟು ಹೊತ್ತಿಗೆ ಉದ್ದಜಡೆಗೆ ತನ್ನ ಕನ್ನಡಕದ ನೆನಪಾಯಿತು. ನೀರಿಗಿಳಿಯುವ ಮುಂಚೆ ದಡದ ಬಂಡೆಯ ಮೇಲೆ ಇಟ್ಟು ಬಂದಿದ್ದಳು. ಕನ್ನಡಕವಿಲ್ಲದೆ ಅವಳಿಗೆ ತನ್ನ ಕೈಯೇ ಕಾಣದು, ಬಂಡೆಯೆಲ್ಲಿ ಕಂಡೀತು? ಜೀರುಂಡೆ ಅಂದಳಂತೆ, "ನೀನಿಲ್ಲೇ ಇರು. ವಿಷಲ್ ಊದಿದ್ರೆ ಇದ್ದಾಳೆ ಅನ್ನು. ಈಗ ಹೋದೆ, ಈಗ ಬಂದೆ."

ವಿಷಲ್ ಕೂಗಿತು. "ನನ್ನ ಜೋಡಿ ಇದ್ದಾಳೆ."

ಸಾಲು ಡೇರೆಯ ಕಡೆಗೆ ನಡೆಯಿತು. ಚಹಾ ಕೊಡುವಾಗ ಒಂದು ಲೋಟ ಉಳಿಯಿತು. ಆಗ ಹುಡುಕಿದರು. ಬಂಡೆಯ ಬುಡದಲ್ಲಿ ಪಾಚಿ, ಅದರಾಚೆ ಆಳ. ಅವಳ ಜೇಬಿನಲ್ಲಿ ಕನ್ನಡಕ ಭದ್ರವಾಗಿತ್ತು. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಒಂದು ಲೋಟ ನೀರು ಕೊಡುತ್ತೀರಾ? ಬೇಡ, ಬೇಡ, ಕೂತುಕೊಳ್ಳಿ. ಸರಿಯಾಯಿತು.

ಇದನ್ನೇಕೆ ತುಂಬಿದ ಸಭೆಯಲ್ಲಿ ಎತ್ತುತ್ತಿದ್ದಾಳೆ ಈ ಹೆಂಗಸು ಎಂದುಕೊಳ್ಳಬೇಡಿ. ಇದು ಹೊಸ ಸುದ್ದಿಯಲ್ಲ. ಊರ ಬಾಯಿಗೆ ಮುಚ್ಚಳವಿಲ್ಲ. ಆ ಕಾಲದಲ್ಲಿ ನನ್ನ ಬಸ್ಸಿನಲ್ಲೇ, ನನ್ನ ಬೆನ್ನ ಹಿಂದಿನ ಸೀಟಿನಲ್ಲೇ, ನಾನು ಯಾರೆಂದು ತಿಳಿಯದೆ ಆಡಿಕೊಂಡವರಿದ್ದಾರೆ. "ಆ ಕನ್ನಡಕದ ಹುಡುಗಿ ಒಂದು ಮಾತು ನಿಜ ಹೇಳಿದ್ರೆ ಮಗು ಉಳೀತಿತ್ತು" ಎಂದರು. ಅವರಿಗೂ ಟಿಕೆಟ್ ಹರಿದು, ಚಿಲ್ಲರೆ ಕೊಟ್ಟು ಮುಂದೆ ಹೋದೆ. ಬೆನ್ನ ಹಿಂದೆ ಆಡಿದ್ದನ್ನು ಇವತ್ತು ಮೈಕಿನ ಮುಂದೆ ಆಡುತ್ತಿದ್ದೇನೆ, ಅಷ್ಟೇ ವ್ಯತ್ಯಾಸ. ಅದೂ ಕೇಳಿಯೇ ಆಡುತ್ತಿದ್ದೇನೆ. ಬೆಳಿಗ್ಗೆ ಉದ್ದಜಡೆಯ ಮನೆಗೆ ಹೋಗಿದ್ದೆ. "ನಿನ್ನ ವಿಷಯ ಹೇಳಲಾ?" ಎಂದೆ. "ಹೇಳಿ ಆಂಟಿ. ಹೊತ್ತು ಹೊತ್ತು ಸಾಕಾಗಿದೆ" ಎಂದಳು.

ನಾನು ಕೇಳುತ್ತೇನೆ, ಹೆತ್ತವರೇ. ಆ ಮಗು ನಿಜ ಹೇಳಬೇಕಿತ್ತು ಎನ್ನುತ್ತೇವಲ್ಲ, ನಿಜ ಹೇಳುವುದನ್ನು ನಾವು ಯಾವತ್ತು ಕಲಿಸಿದ್ದೇವೆ? ಒಂದು ಮಗು ಓಡಿ ಬಂದು, "ಅವನು ಗೋಡೆ ಹತ್ತಿದ್ದಾನೆ" ಎಂದರೆ ಏನು ಹೇಳುತ್ತೇವೆ? "ಚಾಡಿ ಹೇಳಬೇಡ, ಹೋಗು." ಮನೆಯಲ್ಲೂ ಅದೇ, ತರಗತಿಯಲ್ಲೂ ಅದೇ. ಚಾಡಿಕೋರ ಎಂಬ ಹೆಸರಿಗಿಂತ ದೊಡ್ಡ ಬೈಗುಳ ಮಕ್ಕಳ ಲೋಕದಲ್ಲಿಲ್ಲ. ಚಾಡಿ ಬೇರೆ, ಸುದ್ದಿ ಮುಟ್ಟಿಸುವುದು ಬೇರೆ. ಒಬ್ಬರನ್ನು ಸಿಕ್ಕಿಸಲು ಹೇಳಿದರೆ ಚಾಡಿ, ಒಬ್ಬರನ್ನು ಉಳಿಸಲು ಹೇಳಿದರೆ ಸುದ್ದಿ. ಇಷ್ಟನ್ನು ಕಲಿಸದೆ, ನಾವು ಚೀಲಕ್ಕೆ ಟಾರ್ಚು ತುಂಬಿ, ಟೋಪಿ ತುಂಬಿ, ಮುಲಾಮು ತುಂಬಿ ಕಳಿಸುತ್ತೇವೆ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನಮ್ಮ ಮೇಷ್ಟ್ರ ವಿಷಯದಲ್ಲಿ ಆ ಗಾದೆ ಹೇಳಿ ನಾನು ನಗಲಾರೆ. ಆಸ್ಪತ್ರೆಯ ವರಾಂಡದಲ್ಲಿ ನಾನು ಅವರ ಅಂಗಿ ಹಿಡಿದು ಜಗ್ಗಿದಾಗ ಗುಂಡಿ ಕಿತ್ತು ಬಂದಿತ್ತು. ಅವರು ಬಿಡಿಸಿಕೊಳ್ಳಲಿಲ್ಲ, ನೆಪ ಹೇಳಲಿಲ್ಲ. ವಾರ ಕಳೆದು ರಾಜೀನಾಮೆ ಕೊಟ್ಟರು. ನಮ್ಮವರೇ, ಜೀರುಂಡೆಯ ಅಪ್ಪನೇ, ಅವರ ಮನೆಗೆ ಹೋಗಿ, "ಮೇಷ್ಟ್ರೇ, ನೀವು ಬಿಟ್ಟರೆ ನಾಳೆ ಮಕ್ಕಳನ್ನು ಕರ್ಕೊಂಡು ಹೋಗೋನು ಇದನ್ನ ಕಾಣದವನು. ಕಂಡವರೇ ಹೋಗಿ" ಎಂದರು. ಮೇಷ್ಟ್ರು ಹೋದರು. ಆ ವರ್ಷದಿಂದ ಬಾಯಿಮಾತಿಗೆ ಬೆಲೆಯಿಲ್ಲ. ವಿಷಲ್ ಊದಿದರೆ ಜೋಡಿಯ ಕೈ ಹಿಡಿದು ಮೇಲಕ್ಕೆ ಎತ್ತಬೇಕು. ಕೈ ಕಂಡರೆ ಮಗು ಇದೆ, ಕಾಣದಿದ್ದರೆ ಇಲ್ಲ. ಡೇರೆ ಸೇರುವ ತನಕ ಯಾರೂ ಜಾಕೆಟ್ ಬಿಚ್ಚುವಂತಿಲ್ಲ. "ನನ್ನ ಜೋಡಿ ಕಾಣ್ತಿಲ್ಲ" ಎಂದು ಮೊದಲು ಕೂಗಿದ ಮಗುವಿಗೆ ಬೈಗುಳವಿಲ್ಲ, ಚಪ್ಪಾಳೆ. ಜೋಡಿ ಪಕ್ಕದ ಪೊದೆಯ ಹಿಂದೆಯೇ ಸಿಕ್ಕರೂ ಚಪ್ಪಾಳೆ. ಅಲ್ಲಿಂದೀಚೆಗೆ ಎಲ್ಲ ಮಕ್ಕಳೂ ಮನೆಗೆ ಬಂದಿದ್ದಾರೆ. ಮೇಷ್ಟ್ರೇ, ಆ ಗುಂಡಿ ಇನ್ನೂ ನನ್ನ ಹತ್ತಿರ ಇದೆ. ಹೊಲಿದುಕೊಡೋಣವೆಂದರೆ ಆ ಅಂಗಿ ನೀವು ಮತ್ತೆ ತೊಡಲೇ ಇಲ್ಲ.

ನಾನೂ ನನ್ನ ಕೈಲಾದದ್ದು ಮಾಡುತ್ತೇನೆ. ಶಾಲೆಯ ನಿಲ್ದಾಣದಲ್ಲಿ ಇಳಿದ ಕೊನೆಯ ಮಗು ಗೇಟಿನ ಒಳಗೆ ಹೋಗುವ ತನಕ ರೈಟ್ ಹೇಳುವುದಿಲ್ಲ. ಡ್ರೈವರ್ ಗೊಣಗುತ್ತಾರೆ, "ಅಕ್ಕಾ, ಹೋದ್ರು ಎಲ್ರೂ. ಇನ್ಯಾರನ್ನ ಕಾಯ್ತೀರಾ?" ಎಂದು. ಏನು ಹೇಳಲಿ? "ಈಗ ಹೋದೆ, ಈಗ ಬಂದೆ" ಎಂದು ಹೋದವಳಿಗಾಗಿ ಒಂದು ಗಳಿಗೆ ಕಾದರೆ ತಪ್ಪೇ?

ಇನ್ನು ಕೊನೆಯ ಮಾತು. ಈ ಮಾತಿಗಾಗಿಯೇ ನಾನು ಬಂದದ್ದು. ಮೇಷ್ಟ್ರು ಹೋದ ಮೇಲೆ ಶಿಬಿರ ನಡೆಸುವವರು ಯಾರು? ಮುಖ್ಯೋಪಾಧ್ಯಾಯಿನಿಯವರು ಒಬ್ಬರನ್ನು ಕೇಳಿದ್ದಾರೆ. ಅವರು ಒಲ್ಲೆ ಎಂದಿದ್ದಾರೆ. ಅವರು ಒಲ್ಲೆ ಎಂದರೆ ಶಿಬಿರವನ್ನೇ ನಿಲ್ಲಿಸುತ್ತಾರಂತೆ. ಆ ಒಬ್ಬರು ಯಾರೆಂದರೆ, ಈ ಶಾಲೆಯಲ್ಲಿ ವಿಜ್ಞಾನ ಕಲಿಸುವ, ಈಗ ಜಡೆಯನ್ನು ಕತ್ತು ಕಾಣುವಷ್ಟು ಕತ್ತರಿಸಿಕೊಂಡಿರುವ, ಅಗೋ, ವೇದಿಕೆಯ ಕೊನೆಯ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿರುವ ನಮ್ಮ ಉದ್ದಜಡೆ.

ತಲೆ ಎತ್ತು ಮಗಳೇ. ಜೀರುಂಡೆ ಹುಟ್ಟಿದ ದಿನ ಪ್ರತಿ ವರ್ಷವೂ ನಮ್ಮನೆಗೆ ಬರುತ್ತೀಯ. ಇಬ್ಬರೂ ಚಹಾ ಕುಡಿಯುತ್ತೇವೆ, ಬಿಸಿಲಿನ ಮಾತಾಡುತ್ತೇವೆ, ಬಸ್ಸಿನ ಮಾತಾಡುತ್ತೇವೆ, ಅದೊಂದು ಬಿಟ್ಟು ಎಲ್ಲ ಮಾತಾಡುತ್ತೇವೆ. ಪ್ರತಿ ಶಿಬಿರದ ಹೊತ್ತಿಗೂ ನಿನಗೆ ಸರಿಯಾಗಿ ಜ್ವರ ಬರುತ್ತದೆ. ಅವಳು ಹೋದ ದಿನ ನಿನ್ನ ಕನ್ನಡಕವನ್ನು ಸೆರಗಿನಿಂದ ಒರೆಸಿ ಕೈಗೆ ಕೊಟ್ಟವಳು ನಾನು. ನೀನು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಅವಳು ನಿನಗೆ ತರಬೇಕೆಂದು ಹೋದ ವಸ್ತು ಅದು. ನೀನು ಕಣ್ಣು ತೆರೆದು ನೋಡಲಿ ಎಂದೇ ಹೋದದ್ದು. ನೀನು ಹೇಳಿದ್ದು ಸುಳ್ಳಲ್ಲ ತಾಯಿ, ನಂಬಿಕೆ. ಬಂದೇ ಬರುತ್ತಾಳೆ ಎಂದು ನೀನು ನಂಬಿದ್ದೆ. ನಾನೂ ನಂಬಿದ್ದೆ. ಕೈ ಕಾಣದಿದ್ದರೆ ಏನಾಗುತ್ತದೆ ಎಂದು ನಿನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಯಾರಿದ್ದಾರೆ? ಆ ವಿಷಲ್ ಇನ್ಯಾರ ಕೊರಳಲ್ಲಿದ್ದರೂ ನನಗೆ ನಿದ್ದೆ ಬಾರದು.

ಸಭಿಕರೇ, ಮೇಷ್ಟ್ರು ಈಗ ಕಡೆಯ ಸಲ ವಿಷಲ್ ಊದಲಿ. ನೀವೆಲ್ಲ ನಿಮ್ಮ ಪಕ್ಕದವರ ಕೈ ಹಿಡಿದು ಎತ್ತಿ. ಗಂಡಹೆಂಡಿರೂ ನಾಚಿಕೊಳ್ಳದೆ ಹಿಡಿಯಿರಿ, ಪರವಾಗಿಲ್ಲ. ಜೋಡಿ ಇಲ್ಲದವರು ನೀರಿಗಿಳಿಯಬಾರದು ಎಂಬುದು ಶಿಬಿರದ ನಿಯಮ. ಉದ್ದಜಡೆಗೆ ಜೋಡಿ ಇಲ್ಲ, ನನಗೂ ಇಲ್ಲ. ಬಾ ಮಗಳೇ, ಈ ಕಡೆ ಬಾ. ಜಾಗ ಬಿಡಿ ಅವಳಿಗೆ. ಅಳು, ಅಳುತ್ತಲೇ ಬಾ.

ಊದಿ ಮೇಷ್ಟ್ರೇ.

ಎತ್ತು ಕೈ. ಇನ್ನೂ ಮೇಲೆ, ಹಿಂದಿನ ಸೀಟಿನವರಿಗೂ ಕಾಣಬೇಕು. ನನ್ನ ಜೋಡಿ ಇದ್ದಾಳೆ. ಎಲ್ಲರೂ ನೋಡಿ, ಇದ್ದಾಳೆ.

ಮಾತಾಡಲು ಬಿಟ್ಟ ಅಧ್ಯಕ್ಷರಿಗೂ, ಕಣ್ಣೊರೆಸಿಕೊಂಡು ಕೇಳಿದ ನಿಮಗೂ ನನ್ನ ಕೃತಜ್ಞತೆಗಳು. ಒಂದು ಕೈ ಖಾಲಿ ಇಲ್ಲ, ಬಿಡುವುದೂ ಇಲ್ಲ. ಒಂದೇ ಕೈಯಲ್ಲಿ ಮಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮಸ್ಕಾರ.