ಬೋಲ್ಟಿಲ್ಲದ ಕೋವಿ

ಜಿಂಕೆ ಬೇಟೆ ಶುರುವಾಗುವ ಮುಂಚಿನ ಶನಿವಾರ ಸುತ್ತಲಿನವರೆಲ್ಲ ಕೋವಿ ಹೊತ್ತು ಬಂದು ಗುರಿ ಸರಿಮಾಡಿಕೊಂಡು ಹೋಗುವುದು ಉತ್ತರ ವಿಸ್ಕಾನ್ಸಿನ್ನಿನ ಆ ಕೋವಿ ಕ್ಲಬ್ಬಿನಲ್ಲಿ ಹಳೆಯ ವಾಡಿಕೆ. ಈ ಸಲ ಮಳೆ ಅದಕ್ಕೆ ಆಸ್ಪದ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗುರಿಹಲಗೆಯ ಕಾಗದಗಳೆಲ್ಲ ನೆನೆದು ಮುದ್ದೆಯಾದವು, ಜನ ಮಳೆಯನ್ನು ಬೈದುಕೊಂಡು ಮನೆ ಸೇರಿದರು. ನವೆಂಬರಿನ ಬೆಳಕು ಬೇಗ ಮಂಕಾಗುತ್ತಿದ್ದಾಗ ತಗಡಿನ ಸೂರಿನ ಕೋಣೆಯೊಳಗೆ ಬಾಗಿಲು ಮುಚ್ಚಿಕೊಂಡು ಒಲೆಯ ಸುತ್ತ ಉಳಿದವರು ಮೂವರೇ: ಕ್ಲಬ್ಬಿನ ವೆಂಡೆಲ್, ಜಿಂಕೆ ಮಾಂಸದ ಸಾರು ಕಲಕುತ್ತಿದ್ದ ಕಾರ್ಲೀನ್, ಮತ್ತು ಆರ್ಡೆಲಜ್ಜಿ.

ವೆಂಡೆಲ್‌ಗೆ ಸಾಕುಸಾಕಾಗಿತ್ತು. ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಕೋವಿಗಳ ವಿಷಯದಲ್ಲಿ ಆ ಕಡೆ ಅವನ ಮಾತೇ ಕೊನೆಯ ಮಾತು. ಹೀಗಾಗಿ ಬೆಳಗಿನಿಂದ ಜನ ಅವನನ್ನು ಮುತ್ತಿಕೊಂಡಿದ್ದರು. ಎಲ್ಲರದ್ದೂ ಅವೇ ಎರಡು ಪ್ರಶ್ನೆ. ಇದು ಅಸಲಿಯಾ? ಇದರಲ್ಲಿ ಗುಂಡು ಹೊಡೆಯಬಹುದಾ? ಒಬ್ಬರು ಮರವನ್ನು ಉಜ್ಜಿ ಉಜ್ಜಿ ಜರ್ಮನ್ ಸೇನೆಯ ಹದ್ದಿನ ಮುದ್ರೆಯನ್ನೇ ಅಳಿಸಿಹಾಕಿದ್ದರು. ಇನ್ನೊಬ್ಬರ ಕೋವಿಗೆ ಯಾವನೋ ಮೊನ್ನೆ ಮೊನ್ನೆ ಹೊಸದಾಗಿ ನಂಬರು ಕುಟ್ಟಿದ್ದ. ತಾತ ಯುದ್ಧದಿಂದ ತಂದದ್ದು ಎಂದು ಆಸೆಯಿಂದ ಬಂದವರ ಮುಖ ನೋಡಿಕೊಂಡು, ಇದು ಗೋಡೆಗೆ ಮಾತ್ರ ಸರಿ, ಹೊಡೆದರೆ ನಿಮ್ಮ ಮುಖವೇ ಹಾರಿಹೋಗುತ್ತದೆ ಎಂದು ಹೇಳಿ ಹೇಳಿ ಅವನ ನಾಲಿಗೆ ಒಣಗಿತ್ತು.

ಆದರೆ ಅಜ್ಜಿ ಕಂಬಳಿ ಬಿಚ್ಚಿ ಮೇಜಿನ ಮೇಲೆ ಒಂದು ಕೋವಿ ಇಟ್ಟಾಗ ಅವನು ಎದ್ದು ಕುಳಿತ. ಮುಂದಿನ ವಾರ ಆರ್ಡೆಲಜ್ಜಿ ಮನೆ ಖಾಲಿ ಮಾಡಿ ಪಟ್ಟಣದ ವೃದ್ಧಾಶ್ರಮಕ್ಕೆ ಹೊರಟವಳು. ತೀರಿಹೋದ ಗಂಡ ಲೆಸ್ಟರ್‌ನ ರಿಪೇರಿ ಅಂಗಡಿಯಲ್ಲಿ ಉಳಿದದ್ದು ಇದೊಂದೇ.

"ಇದನ್ನ ಮಾರಲ್ಲ," ಎಂದಳು ಅಜ್ಜಿ. "ಕತೆ ಕೇಳಿ, ಆಮೇಲೆ ನಾನು ಹೇಳೋ ಒಂದೇ ಒಂದು ಕೆಲಸಕ್ಕೆ ಒಪ್ಕೊಂಡೋರಿಗೆ ಸುಮ್ನೆ ಕೊಡ್ತೀನಿ. ಇವತ್ತು ಯಾರಿಗಾದ್ರೂ ಒಪ್ಪಿಸ್ಲೇಬೇಕು. ನನ್ನ ಕೈಲಿ ಇನ್ನಾಗಲ್ಲ."

ವೆಂಡೆಲ್ ಆಗಲೇ ಭೂತಗನ್ನಡಿ ಹಿಡಿದು ಬಗ್ಗಿದ್ದ. ನಳಿಗೆ, ಮರ, ಸಣ್ಣ ಸಣ್ಣ ತಿರುಪು, ಎಲ್ಲದರ ಮೇಲೂ ಒಂದೇ ನಂಬರು, ಕಾರ್ಖಾನೆಯಿಂದ ಹೊರಟ ಹಾಗೇ. ಮರವನ್ನು ಯಾರೂ ಉಜ್ಜಿರಲಿಲ್ಲ. ನಳಿಗೆಗೆ ಮರವನ್ನು ಬಿಗಿಯುವ ಮುಂದಿನ ಪಟ್ಟಿಯ ಕೆಳಗೆ ಗರಗಸದಿಂದ ಕೊಯ್ದ ಗೆರೆಯೊಂದಿತ್ತು. ಅಮೆರಿಕದ ಸೈನಿಕರು ಗೆದ್ದ ಕೋವಿಯನ್ನು ಚೀಲದೊಳಗೆ ತುರುಕಿ ಊರಿಗೆ ತರಲು ಮರವನ್ನು ಹೀಗೆ ಎರಡು ತುಂಡು ಮಾಡುತ್ತಿದ್ದರು. ಬೇರೆ ಯಾರಿಗಾದರೂ ಅದು ಕುಂದು, ವೆಂಡೆಲ್‌ಗೆ ಅದೇ ಸಾಕ್ಷಿ. ಇಲ್ಲದ್ದು ಒಂದೇ. ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಬಿಗಿಯಾಗಿ ಮುಚ್ಚುವ ಉಕ್ಕಿನ ಬೋಲ್ಟು.

"ಬೋಲ್ಟ್ ಎಲ್ಲಜ್ಜಿ?"

"ಬಂದ್ಯಾ ಅಲ್ಲಿಗೇ? ನಿಮ್ಮಂಥ ಕೋವಿ ಹುಚ್ಚರು ಮೊದಲು ಕೇಳೋದೇ ಅದು. ಕೂತ್ಕೋ. ಕಾರ್ಲೀನ್, ನೀನೂ ಆ ಸೌಟು ಕೆಳಗಿಡೇ, ಸಾರು ಎಲ್ಲೂ ಓಡಿಹೋಗಲ್ಲ..."

ಅಜ್ಜಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಶುರುಮಾಡಿದಳು.

"ಇದನ್ನ ತಂದೋನು ಎಮಿಲ್ ಅಂತ. ನಮ್ಮ ಪಕ್ಕದ ಹೊಲದೋನು, ಹಸು ಸಾಕ್ಕೊಂಡಿದ್ದ. ಯುದ್ಧಕ್ಕೆ ಹೋದಾಗ ಅವನಿಗಿನ್ನೂ ಮೀಸೇನೂ ಮೂಡಿರ್ಲಿಲ್ಲ. ವಾಪಸ್ ಬಂದೋನು ಇದನ್ನ ಅಡುಗೆಮನೆ ಗೋಡೆಗೆ ನೇತುಹಾಕ್ದ, ಹೀಗೇ, ಬೋಲ್ಟಿಲ್ದೆ. ನಮ್ಮನೆಯವ್ರಿಗೆ ಅದನ್ನ ನೋಡಿದಾಗೆಲ್ಲ ತಡೀತಿರ್ಲಿಲ್ಲ, 'ಬೋಲ್ಟ್ ಏನ್ ಮಾಡ್ದೆ ಎಮಿಲ್' ಅಂತ ಕೇಳೋರು, ಅವನು ಮಾತು ತಿರುಗಿಸಿ ಹಾಲಿನ ರೇಟಿಗೆ ಹೋಗಿಬಿಡೋನು. ಕೊನೆಗೆ ಹಾಸಿಗೆ ಹಿಡಿದಾಗ, ಕೇಳ್ದೇನೇ, ತಾನಾಗೇ ಹೇಳ್ದ.

"ಯುದ್ಧ ಮುಗಿಯೋಕೆ ಬಂದಿತ್ತಂತೆ. ಮಳೆ, ಕೆಸರು, ಯಾರಿಗೂ ನಿದ್ದೆ ಇಲ್ಲ. ಜರ್ಮನ್ ಹುಡುಗ್ರು ಗುಂಪು ಗುಂಪಾಗಿ ಬಂದು ಶರಣಾಗ್ತಿದ್ರು. ಅದಕ್ಕೊಂದು ರೀತಿ ಇತ್ತು, ನಿಮಗೂ ಗೊತ್ತು... ಬೋಲ್ಟ್ ಕಿತ್ತು ಒಂದು ಕಡೆ ರಾಶಿ, ಕೋವಿ ಇನ್ನೊಂದು ಕಡೆ ರಾಶಿ. ಬೋಲ್ಟ್ ಇಲ್ದೇ ಇದ್ರೆ ಕೋವಿ ಏನು, ಒನಕೆ! ಹೀಗೆ ಒಂದು ಸಂಜೆ ಕಾಡಿನ ಅಂಚಿಂದ ಒಬ್ಬ ಹುಡುಗ ಬಂದ, ಒಬ್ಬನೇ. ಕೋವಿ ಕಾಲ ಹತ್ರ ಹಾಕಿ, ಎರಡೂ ಕೈ ಮೇಲೆತ್ತಿ ನಿಂತ. ಬಲಗೈಲಿ ಏನೋ ಹೊಳೀತಂತೆ. ಎಮಿಲ್‌ಗೆ ಅದು ಕೈಬಾಂಬ್ ಥರ ಕಾಣಿಸ್ತು. ಏನ್ಮಾಡ್ತೀರಿ ಹೇಳಿ? ನೀವಾಗಿದ್ರೆ ಏನ್ ಮಾಡ್ತಿದ್ರಿ? ಹೊಡೆದುಬಿಟ್ಟ.

"ಹತ್ರ ಹೋಗಿ ನೋಡಿದ್ರೆ ಬಾಂಬೂ ಅಲ್ಲ ಏನೂ ಅಲ್ಲ... ಬೋಲ್ಟು. ನೋಡು ಸ್ವಾಮಿ, ನಾನೇ ಕಿತ್ತಿದೀನಿ, ತಗೋ, ಅಂತ ಎತ್ತಿ ಹಿಡ್ಕೊಂಡಿದ್ದ ಆ ಮಗು. ಎಮಿಲ್ ಅವನ ಈ ಕೋವಿ ಎತ್ಕೊಂಡ. ಬೋಲ್ಟ್ ತಗೊಳ್ಳೋಕೆ ನೋಡಿದ್ರೆ ಸತ್ತ ಬೆರಳು ಬಿಚ್ಚಲೇ ಇಲ್ಲ. ಹಾಗೇ, ಮುಷ್ಟಿ ಸಮೇತ, ಅಲ್ಲೇ ಮಣ್ಣು ಮಾಡಿದ್ರು. 'ನನ್ನ ಕೈಯಾರೆ ಮಣ್ಣು ಎಳೆದೆ ಲೆಸ್ಟರ್' ಅಂದ. ಎರಡು ದಿನಕ್ಕೆ ತೀರ್ಕೊಂಡ."

ಒಲೆಯೊಳಗೆ ಕೊರಡು ಜರುಗಿತು. ಕಾರ್ಲೀನ್ ತನ್ನ ಕಿತ್ತಳೆ ಬಣ್ಣದ ಬೇಟೆಯ ಕೋಟನ್ನು ಎಳೆದು ಹೊದ್ದುಕೊಂಡಳು. ವೆಂಡೆಲ್ ಮಾತ್ರ ಕೋವಿಯ ಮೇಲಿನ ಕೈ ತೆಗೆದಿರಲಿಲ್ಲ.

"ಎಮಿಲ್ ಮಗ ಡ್ವೇನ್," ಅಜ್ಜಿ ಮುಂದುವರಿಸಿದಳು, "ಒಳ್ಳೇ ಹುಡುಗ, ಆದ್ರೆ ನಿನ್ನ ಹಾಗೇ ನಂಬರಿನ ಹುಚ್ಚ. ಅಪ್ಪನ ಕೋವೀಲೇ ಬೇಟೆಯ ಮೊದಲನೇ ದಿನ ಜಿಂಕೆ ಹೊಡೀಬೇಕು ಅಂತ ಹಟ. ಸಂತೆಲೆಲ್ಲೋ ಒಂದು ಬೋಲ್ಟ್ ತಂದ. ನಮ್ಮನೆಯವ್ರು ತೋಟಾ ಆಕಾರದ, ತೋಟಾಗಿಂತ ಕೂದಲೆಳೆ ಉದ್ದದ ಉಕ್ಕಿನ ಅಳತೆ ತುಂಡು ಒಳಗಿಟ್ಟು ನೋಡಿದ್ರು... ಮುಚ್ಚಬಾರ್ದು, ಅದರ ಮೇಲೆ ಬೋಲ್ಟ್ ಮುಚ್ಕೊಳ್ಳಬಾರ್ದು. ಬೆಣ್ಣೆ ಥರ ಮುಚ್ಕೊಂಡ್ತು. 'ಇದ್ರಲ್ಲಿ ಹೊಡೆದ್ರೆ ನಿನ್ನ ಹೆಂಡ್ತಿ ವಿಧವೆ' ಅಂದ್ರು. ಇನ್ನೊಂದು ತಂದ, ಅದೂ ಹಂಗೇ. ಡ್ವೇನ್ ಮುಖ ಸಪ್ಪೆ ಮಾಡ್ಕೊಂಡು ಕೋವಿ ಅಂಗಡೀಲೇ ಬಿಟ್ಟು ಹೋದ.

"ಕೋವಿ ಎಮಿಲ್ ಮನೇಲಿ ಅಷ್ಟು ವರ್ಷ ಇದ್ದಾಗ ಯಾರೂ ಬಂದಿರ್ಲಿಲ್ಲ ನೋಡಿ. ಕೊಂದೋನ ಮನೆಗೆ ಶರಣಾಗೋಕೆ ಯಾರು ತಾನೇ ಹೋಗ್ತಾರೆ? ನಮ್ಮ ಅಂಗಡಿಗೆ ಬಂತಲ್ಲ, ಅವತ್ತು ಇಂಥದ್ದೇ ಮಳೆ, ಇಂಥದ್ದೇ ಹೊತ್ತು, ದೀಪ ಹಚ್ಚೋದೋ ಬೇಡ್ವೋ ಅನ್ನೋ ಹೊತ್ತು. ಎಣ್ಣೆ ವಾಸನೆ ಹೋಗ್ಲಿ ಅಂತ ಅಂಗಡಿ ಬಾಗಿಲು ತೆರೆದೇ ಇತ್ತು. ನಮ್ಮನೆಯವ್ರು ಬಗ್ಗಿ ಅರ ಉಜ್ಜುತಾ ಇದ್ರು. ಮುಂದೆ ಯಾರೋ ಬಂದು ನಿಂತ ಹಾಗಾಯ್ತು, ಒದ್ದೆ ತೋಳು ಕಾಣಿಸ್ತು, ಮೇಲೆತ್ತಿದ ಕೈ, ಕೈಯಲ್ಲಿ ಬೋಲ್ಟು. 'ಅಷ್ಟೆತ್ತರಕ್ಕೆ ಹಿಡ್ಕೊಂಡ್ರೆ ಹೆಂಗೆ ಮಾರಾಯ' ಅಂತ ಬೈದು, ತಲೆ ಎತ್ತದೇ ಈಸ್ಕೊಂಡ್ರು. ಅಂಗಡಿಯೋರಿಗೆ ಅಭ್ಯಾಸ ಅಲ್ವಾ, ಜನ ಏನೋ ಕೊಡ್ತಾರೆ, ಇವ್ರು ಈಸ್ಕೋತಾರೆ. ಆಮೇಲೆ ತಲೆ ಎತ್ತಿದ್ರೆ... ಯಾರೂ ಇಲ್ಲ. ನೆಲದ ಮೇಲೆ ಕೆಸರು. ನಮ್ಮ ಊರಿನ ಕೆಂಪು ಮರಳು ಮಣ್ಣಲ್ಲ ಕಣ್ರಪ್ಪ, ಕಪ್ಪಗೆ, ಅಂಟಂಟಾಗಿ, ಯಾವ ಸೀಮೆದೋ.

"ಬೋಲ್ಟ್ ಹಿಡಿಯ ಬುಡದಲ್ಲಿ ಇದೇ ನಂಬರು! ನಮ್ಮನೆಯವ್ರಿಗೆ ಮೋಸ ಮಾಡಿದ ಖೋಟಾ ಮುದ್ರೆ ಈ ಜಿಲ್ಲೇಲೇ ಇರ್ಲಿಲ್ಲ. ಭೂತಗನ್ನಡಿ ಇಟ್ಟು ನೋಡಿದ್ರು, ಹೊಸದಾಗಿ ಕುಟ್ಟಿದ್ರೆ ಅಂಚು ಎದ್ದಿರುತ್ತೆ, ಎದ್ದಿಲ್ಲ. ಹಳೇ ನಂಬರನ್ನ ಅರದಲ್ಲಿ ತೆಗೆದಿದ್ರೆ ತಗ್ಗಿರುತ್ತೆ, ತಗ್ಗಿಲ್ಲ. ಸರಿ ಅಳತೆದು, ಉದ್ದದ್ದು, ಎರಡೂ ತುಂಡು ಇಟ್ರು, ಎಲ್ಲಿ ಮುಚ್ಬೇಕೋ ಅಲ್ಲಿ ಮುಚ್ತು, ಎಲ್ಲಿ ತಡೀಬೇಕೋ ಅಲ್ಲಿ ತಡೀತು. ಅಸಲಿ. ಹೊಡೀಬಹುದು. ಆದ್ರೂ ತಕ್ಷಣ ಕಿತ್ತು ಮೇಜಿನ ಆ ತುದಿಗೆ ತಳ್ಳಿಬಿಟ್ರು. ಯಾಕೆ ಹೇಳಿ? ಆ ಬೋಲ್ಟ್ ಎಲ್ಲಿ ಹೂತಿತ್ತು ಅಂತ ಈ ಊರಲ್ಲಿ ಗೊತ್ತಿದ್ದೋರು ನಾವಿಬ್ಬರೇ.

"ಬಚ್ಚಿಡಿ ಅಂದೆ. ಅಷ್ಟರಲ್ಲಿ ಡ್ವೇನ್ ಬಂದೇಬಿಟ್ಟ, ಕಣ್ಣಿಗೆ ಬಿದ್ದೇಬಿಡ್ತು. ಅವನು ಅತ್ತುಬಿಟ್ಟ ಕಣೇ ಕಾರ್ಲೀನ್, ಖುಷಿಗೆ. ಅಪ್ಪ ಹೇಳಿದ್ದನ್ನೆಲ್ಲ ಇವ್ರು ಬಿಡಿಸಿ ಹೇಳಿದ್ರು. ಅವನು ಕೇಳ್ದ, ಪಾಪ, ಪೂರ್ತಿ ಕೇಳ್ದ. ಆಮೇಲೆ ಅಂದ, 'ಯಾರೋ ಅಗೆದು ತೆಗೆದಿರ್ತಾರೆ, ಕೈಯಿಂದ ಕೈಗೆ ಬಂದಿರುತ್ತೆ. ಲೆಸ್, ನನಗೆ ಎರಡೇ ಮಾತು ಹೇಳು. ಅಸಲಿಯಾ? ಹೊಡೀಬಹುದಾ?' ಇವ್ರು ಸುಳ್ಳು ಹೇಳ್ಬಹುದಿತ್ತು. ಜೀವನದಲ್ಲೇ ಒಂದು ಸಲ, ಒಂದೇ ಒಂದು ಸುಳ್ಳು... ನಾಲಿಗೆ ಹೊರಳಲಿಲ್ಲ. 'ಹೌದು. ಹೊಡೀಬಹುದು' ಅಂದ್ರು.

"ಬೇಟೆಯ ಮೊದಲನೇ ದಿನ, ಇನ್ನೂ ಮಂಜಿತ್ತು, ಜೌಗಿನ ಕಡೆಯಿಂದ ಒಂದೇ ಗುಂಡಿನ ಸದ್ದು. ಆಮೇಲೆ ಡ್ವೇನ್ ಕೂಗು. ಜಿಂಕೆ ಬಿತ್ತು ಅಂತ ಕೂಗೋ ಕೂಗಲ್ಲ ಅದು. ನಮ್ಮನೆಯವ್ರು ಓಡಿಹೋದ್ರು. ಅವನು ತನ್ನ ಕೋಟು ಬಿಚ್ಚಿ ನೆಲಕ್ಕೆ ಹೊದಿಸಿ ಮಂಡಿ ಊರಿ ಕೂತಿದ್ದ. ಕೋಟಿನ ಕೆಳಗೆ ಎಲೆ ಬಿಟ್ರೆ ಏನೂ ಇಲ್ಲ. ಕೋವೀಲಿ ಬೋಲ್ಟೂ ಇಲ್ಲ. 'ಕೈ ಎತ್ತಿದ್ದ ಲೆಸ್, ಕೈಯಲ್ಲಿ ಏನೋ ಹೊಳೀತು, ನನ್ನ ಬೆರಳು ಎಳೆದುಬಿಡ್ತು...' ಇಷ್ಟೇ, ಇದನ್ನೇ, ತಿರುಗಿ ತಿರುಗಿ. ಅದಾದ ಮೇಲೆ ಅವನು ಕೋವಿ ಮುಟ್ಟಲಿಲ್ಲ, ಇದು ನಮ್ಮ ಅಂಗಡಿಗೇ ವಾಪಸ್ ಬಂತು. ಹೆಚ್ಚು ದಿನ ಬದುಕಲೂ ಇಲ್ಲ.

"ಮುಂದಿನ ವರ್ಷ ನವೆಂಬರ್, ಮಳೆ... ಮತ್ತೆ ಬಂದ. ಈ ಸಲ ನಾನೂ ಇದ್ದೆ, ನೋಡ್ದೆ. ಉದ್ದ ಕೋಟು, ತೆಳ್ಳಗಿನ ಕತ್ತು, ಹುಡುಗ. ಎರಡೂ ಕೈ ಮೇಲೆ. ನಮ್ಮನೆಯವ್ರು ಎದ್ದು ಹೋಗಿ ಮೆಲ್ಲಗೆ ಬೋಲ್ಟ್ ಈಸ್ಕೊಂಡ್ರು, ಕೋವಿ ಕಡೆ ತಿರುಗೀನೂ ನೋಡ್ಲಿಲ್ಲ. ಮೇಜಿನ ಮೇಲಿಟ್ಟು, ಒಲೆ ಹತ್ರ ಕುರ್ಚಿ ಎಳೆದು, 'ಆಯ್ತು ಮಗಾ, ಮುಗೀತು, ಕೈ ಇಳಿಸು' ಅಂದ್ರು. ಇಳಿಸ್ದ. ಕೂತ. ನಾವೂ ಕೂತ್ವಿ. ಬೆಳಿಗ್ಗೆ ಹೊತ್ತಿಗೆ ಹುಡುಗಾನೂ ಇಲ್ಲ, ಬೋಲ್ಟೂ ಇಲ್ಲ, ಕುರ್ಚಿ ಒದ್ದೆ. ಆ ವರ್ಷ ಯಾರಿಗೂ ಏನೂ ಆಗ್ಲಿಲ್ಲ.

"ಅಷ್ಟೇ ಕಣ್ರಪ್ಪ ಅವನು ಕೇಳೋದು. ಅವನು ಕೊಡೋದು ಕೈಯಲ್ಲಿ ಈಸ್ಕೊಳ್ಳಿ ಅಂತ. ನಾವು ಅದನ್ನ ಕೋವಿಗೆ ಹಾಕ್ತೀವಿ, ಅಲ್ಲೇ ಕೆಡೋದು. ಪ್ರತಿ ವರ್ಷ ಬರ್ತಾನೆ, ಮುಗೀತು ಅಂದದ್ದನ್ನ ಪ್ರತಿ ವರ್ಷ ಮರೆತಿರ್ತಾನೆ. ನಮ್ಮನೆಯವ್ರು ಹೋದ ಮೇಲೆ ನಾನೇ ಈಸ್ಕೋತಾ ಬಂದೆ. ನನಗೆ ಸಾಕಾಗಿದೆ ಮಕ್ಕಳಾ. ಮಂಡಿ ಹಿಡ್ಕೊಂಡಿದೆ, ಆಶ್ರಮದಲ್ಲಿ ಕೋವಿ ಇಟ್ಕೊಳ್ಳೋಕೆ ಬಿಡಲ್ಲ."

"ಹಾಳಾದ್ದನ್ನ ಕೆರೆಗೆ ಎಸೆದುಬಿಡಿ ಅಜ್ಜಿ," ಎಂದಳು ಕಾರ್ಲೀನ್.

"ಎಸೆದ್ರೆ? ಕೋವಿ ಇರೋ ಕಡೆ ಅವನು ಬರ್ತಾನೆ. ಅದೇ ಇಲ್ದೇ ಹೋದ್ರೆ ಎಲ್ಲಿಗೆ ಹೋಗ್ಬೇಕು ಹೇಳು? ಬೇಟೆಯ ಮೊದಲನೇ ದಿನ ಈ ಕಾಡಿನ ತುಂಬಾ ನಿಮ್ಮ ಗಂಡಂದಿರು ಕೋವಿ ಹಿಡ್ಕೊಂಡು ಕೂತಿರ್ತಾರೆ. ಯಾವನ ಮುಂದೆ ಹೋಗಿ ಕೈ ಎತ್ತಲಿ ಅವನು?"

ಕಾರ್ಲೀನ್‌ಳ ಗಂಡ ಪ್ರತಿ ವರ್ಷ ಜೌಗಿನ ಅಂಚಿನಲ್ಲೇ ಕೂರುತ್ತಿದ್ದ.

ವೆಂಡೆಲ್‌ಗೆ ಅಜ್ಜಿಯ ಮೇಲೆ ಕನಿಕರ ಹುಟ್ಟಿತು, ಭಯವೂ ಆಯಿತು. ಅದಕ್ಕಿಂತ ಹೆಚ್ಚಾಗಿ ಆಸೆಯಾಯಿತು, ಮತ್ತು ಆ ಆಸೆಗೆ ಅವನಿಗೇ ನಾಚಿಕೆಯೂ ಆಯಿತು. ಒಂದೂ ತಪ್ಪದೆ ಎಲ್ಲ ನಂಬರೂ ಹೊಂದುವ ಕೋವಿಯನ್ನು ಅವನು ಇಷ್ಟು ವರ್ಷಗಳಲ್ಲಿ ಕಂಡದ್ದಿಲ್ಲ. ಮಾತು ಬಾಯಿ ಜಾರಿತು.

"ಹೊಡೆಯಲ್ಲ ಅಜ್ಜಿ, ತೋಟಾನೂ ಹಾಕಲ್ಲ. ಬರೀ ಒಂದ್ಸಲ... ಬೋಲ್ಟ್ ಕೂರುತ್ತಾ ಅಂತ ನೋಡೋಕೆ ಕೋವಿಗೆ ಹಾಕಿ ತೆಗೆದ್ರೆ?"

ಅಜ್ಜಿ ತಲೆ ಎತ್ತಿ ಅವನ ಮುಖ ನೋಡಿದಳು. ಸಿಟ್ಟಾಗುವಷ್ಟು ಕಸುವೂ ಅವಳಲ್ಲಿ ಉಳಿದಂತಿರಲಿಲ್ಲ.

"ಡ್ವೇನ್‌ದೂ ಹಾಕಿ ನೋಡೋದ್ರಿಂದ್ಲೇ ಶುರುವಾಗಿದ್ದು ಕಣೋ," ಎಂದಳು. "ಬೇರೆ ಯಾರನ್ನ ಹುಡುಕ್ಲಿ ನಾನು? ಇರೋನು ನೀನೇ. ಹಾಕಲ್ಲ ಅನ್ನು."

ವೆಂಡೆಲ್ ಕೋವಿಯ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡ.

"ಹಾಕಲ್ಲ."

"ಸರಿ. ಇನ್ನು ಅದು ನಿಂದು." ಅಜ್ಜಿ ಲೋಟ ಕೆಳಗಿಟ್ಟು ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡಳು. "ಹಂಗಾದ್ರೆ ಎದ್ದು ಹೋಗಿ ಬಾಗಿಲು ತೆಗಿ."

"ಯಾರೂ ಬಡೀಲಿಲ್ಲವಲ್ಲ ಅಜ್ಜಿ..."

"ಹೆಂಗೆ ಬಡೀತಾನೋ? ಎರಡೂ ಕೈ ಮೇಲೆತ್ಕೊಂಡು ನಿಂತಿದಾನೆ."