ಕುಂಡೆ ಮೊದಲೋ ಹೆಗಲು ಮೊದಲೋ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಏಳು ಕೆರೆ, ಏಳು ಗುಡ್ಡ ದಾಟಿದರೆ ಒಂದು ರಾಜ್ಯ. ಹೆಸರು? ನನಗೇ ಗೊತ್ತಿಲ್ಲ, ನಿಮಗೇನು ಹೇಳಲಿ! ಅಲ್ಲಿನ ರಾಜನಿಗೆ ಕುದುರೆ ಹುಚ್ಚು. ಅವನ ಲಾಯದ ಯಜಮಾನ ಒಂದು ಅಳತೆಕೋಲು ಹಿಡಿದು ಊರೂರು ತಿರುಗೋನು. ಜನ ಅವನನ್ನ ಕೋಲಯ್ಯ ಅಂತಲೇ ಕರೆಯೋರು. ಕೋಲಿನಷ್ಟು ಎತ್ತರ ಬೆಳೆದ ಕುದುರೆ ಅರಮನೆಗೆ, ಅವತ್ತಿಂದಲೇ ಸವಾರಿಗೆ. ವಯಸ್ಸು ಕೇಳೋರಿಲ್ಲ.

ಒಂದೂರಲ್ಲಿ ಸಾಕಜ್ಜಿ ಅಂತ ಒಬ್ಬಳು. ಅವಳ ಹತ್ತಿರ ಒಂದು ಕುದುರೆಮರಿ, ಹೆಸರು ಕೆಂದ. ಇದರ ಅಣ್ಣನ್ನ ಎಳಸಾಗಿದ್ದಾಗಲೇ ಒಯ್ದಿದ್ದರು. ವರ್ಷ ತುಂಬೋದರೊಳಗೆ ಅದು ಬೆನ್ನು ಜೋಲಿ ಹಾಗೆ ಬಾಗಿ ವಾಪಸ್ ಬಂತು. ಅಜ್ಜಿ ಅದರ ಕತ್ತು ತಬ್ಬಿಕೊಂಡು ಅತ್ತಳು. "ಕೆಂದನ್ನ ಬಲಿಯೋವರೆಗೆ ಕೊಡಲ್ಲ" ಅಂತ ಆಣೆ ಇಟ್ಟಳು.

ಈ ಕೆಂದ ಬೆಳೆದ ಚೆಂದ ಕೇಳಿ! ಮೊದಲ ವರ್ಷ ಕುಂಡೆ ಮೇಲೆ, ಹೆಗಲು ಕೆಳಗೆ. ಬೆನ್ನ ಮೇಲೆ ನೊಣ ಕೂತರೆ ಕಿವಿಗೆ ಜಾರೋದು. ಕೋಲಯ್ಯ ಬಂದ. ಅಜ್ಜಿ ಏನು ಮಾಡಿದಳು? ಕುಂಡೆ ಕೊಟ್ಟಿಗೆ ಒಳಗೆ, ತಲೆ ಹೊರಗೆ ಮಾಡಿ ನಿಲ್ಲಿಸಿದಳು.

"ಗೇಣು ಕಮ್ಮಿ ಇದೆಯಲ್ಲಜ್ಜಿ!"

"ಏನು ಮಾಡೋದು ಬುದ್ಧಿ, ಇದರವ್ವನೂ ಕುಳ್ಳಿ."

ಎರಡನೇ ವರ್ಷ ಹೆಗಲು ಎದ್ದಿತು, ಕುಂಡೆ ಹಿಂದೆ ಬಿತ್ತು. ಕೋಲಯ್ಯ ಬಂದ. ಅಜ್ಜಿ ಕೆಂದನ ತಲೆ ಒಳಗೆ, ಕುಂಡೆ ಹೊರಗೆ ಮಾಡಿದಳು.

"ನಾಲ್ಕು ಬೆರಳು ಕಮ್ಮಿ!"

"ಇದರಪ್ಪನೂ ಕುಳ್ಳ ಬುದ್ಧಿ."

ಮೂರನೇ ವರ್ಷ ಎರಡೂ ಸಮ. ಇನ್ನು ಬಚ್ಚಿಡೋದು ಯಾವುದನ್ನ? ಕೋಲಯ್ಯನೂ ಈ ಸಲ ಹುಷಾರಾಗಿದ್ದ.

"ಪೂರ್ತಿ ಹೊರಗೆ ತಾ ಅಜ್ಜಿ."

ಮುಂದೆ ಇಟ್ಟ, ಕೋಲು ಮುಟ್ಟಿತು. ಹಿಂದೆ ಇಟ್ಟ, ಮುಟ್ಟಿತು. ಬೆನ್ನಿನ್ನೂ ಹಸಿ ಅಂತ ಅಜ್ಜಿಗೆ ಗೊತ್ತು. ಆದರೆ ಬೆನ್ನಿನ ಹಸಿ ಅಳೆಯೋ ಕೋಲು ಎಲ್ಲಿದೆ?

ಅವತ್ತು ಕೋಲಯ್ಯನ ಜೊತೆ ಅವನ ಮಗಳು ಮಲ್ಲಾಜಿಯೂ ಬಂದಿದ್ದಳು. ಹನ್ನೊಂದು ವರ್ಷ, ಅಪ್ಪನ ಹೆಗಲು ಮುಟ್ಟೋ ಎತ್ತರ. ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತಿದ್ದಳು. ಅಜ್ಜಿ ನೋಡಿದಳು. ಕೋಲು ಇಸ್ಕೊಂಡು ಹೋಗಿ ಹುಡುಗಿ ಪಕ್ಕ ಹಿಡಿದಳು. ತಲೆಗೆ ಸರಿಯಾಗಿ ಮುಟ್ಟಿತು!

"ಬುದ್ಧಿ, ಕುದುರೆ ಒಯ್ಯಿರಿ. ಮಗಳನ್ನ ನನ್ನ ತಮ್ಮನಿಗೆ ಕೊಡಿ. ಅಳತೆಗೆ ಬಂದಿದ್ದಾಳೆ, ಸೋಮವಾರವೇ ಧಾರೆ."

ಕೋಲಯ್ಯ ಕೆಂಡವಾದ. "ಏನಂದೆ ಮುದುಕಿ! ಗುಮ್ಮ ಅಂದರೆ ಇನ್ನೂ ಅವ್ವನ ಸೆರಗಲ್ಲಿ ಅಡಗ್ತದೆ ಆ ಮಗು. ಉದ್ದ ಆಗೋದೇ ಬೇರೆ, ಬಲಿಯೋದೇ ಬೇರೆ!"

ಅಜ್ಜಿ ಕೋಲನ್ನ ಅವನ ಕೈಗೆ ಕೊಟ್ಟಳು. "ಈ ಮಾತು ಹೇಳೋಕೆ ಧೈರ್ಯ ಸಾಲದೆ ಎರಡು ವರ್ಷ ನಿಮಗೆ ಒಂದೊಂದೇ ತುದಿ ತೋರಿಸಿದೆ ಬುದ್ಧಿ."

ಕೋಲಯ್ಯ ಮಗಳನ್ನ ನೋಡಿದ. ಕೆಂದನ್ನ ನೋಡಿದ.

"ಇನ್ನೆಷ್ಟು ದಿನ ಬೇಕು?"

"ಎರಡು ವರ್ಷ. ಬೇಯೋತನಕ ಇದ್ದೋರಿಗೆ ಆರೋತನಕ ಇರೋಕಾಗಲ್ವಾ?"

ಕೋಲಯ್ಯ ಅರಮನೆಗೆ ಹೋಗಿ ಕೈಮುಗಿದ. "ಮಹಾಸ್ವಾಮಿ, ಕೋಲಿಗೆ ಗೆದ್ದಲು ಹಿಡಿದಿದೆ. ಹೊಸ ಕೋಲಿಗೆ ಮರ ಬಲಿಯಬೇಕಂತೆ. ಎರಡು ವರ್ಷ ಯಾರ ಕುದುರೇನೂ ಅಳೆಯೋ ಹಾಗಿಲ್ಲ."

ಕತೆ ಕುದುರೆ ಇಲ್ಲಿಗೆ ನಿಂತಿತು. ಹತ್ತಿದವರೆಲ್ಲ ಮೆಲ್ಲಗೆ ಇಳಿಯಿರಪ್ಪಾ, ಅದರ ಬೆನ್ನೂ ಎಳಸು!